ಅರ್ಧ ಲೋಟದ ತೀರ್ಪುಗಳು

ಸೆಪ್ಟೆಂಬರ್ 12, ಗುರುವಾರ

‘ಮನೆಯ ಹೊರಗೊಂದು ಮನೆಯಿಲ್ಲದವನು ಮನೆಯೊಳಗೂ ಇರಲಾರ.’ ಹೀಗೇನೋ ಒಂದು ಸಾಲು. ಎಲ್ಲಿ ಓದಿದೆ, ಯಾರದು, ನೆನಪಾಗುತ್ತಿಲ್ಲ. ‘ಇರಲಾರ’ ಎಂದಿತ್ತೋ ‘ಇರಬಾರದು’ ಎಂದಿತ್ತೋ ಅದೂ ಖಚಿತವಿಲ್ಲ. ಬೆಳಿಗ್ಗೆ ಪಾತ್ರೆ ತೊಳೆಯುವಾಗ ಬಂದು ಕೂತದ್ದು ಸಂಜೆಯಾದರೂ ಏಳಲಿಲ್ಲ. ಬರೆದವರು ಗಂಡಸೇ ಇರಬೇಕು. ಅವರಿಗೆ ಹೊರಗಿನ ಮನೆ ಎಂದರೆ ಅರಳಿಕಟ್ಟೆ, ಕ್ಲಬ್ಬು, ಕಾಫಿ ಹೋಟೆಲಿನ ಮೂಲೆಯ ಮೇಜು. ಹೆಂಗಸಿಗೆ ಯಾವುದು? ತವರು ಎನ್ನಬಹುದು. ಮದುವೆಯಾದ ಮೇಲೆ ಅದೂ ಚಪ್ಪಲಿ ಬಿಟ್ಟು, ಅನುಮತಿ ಕೇಳಿದವಳಂತೆ ಒಳಗೆ ಹೋಗುವ ಮನೆಯೇ. ಸಾಲು ನಿಜವಾದರೆ ನಾನು ಈ ಮನೆಯೊಳಗೆ ಇಲ್ಲವೇ ಇಲ್ಲ. ಸುಳ್ಳಾದರೆ ಇಷ್ಟು ಹೊತ್ತು ಯಾಕೆ ಕೂತಿದೆ?

ಅಚ್ಯುತ ಮನೆ ಬಿಟ್ಟು ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿಗೆ ಹೋಗಿದ್ದು ಜೂನಿನಲ್ಲಿ. ಜಗಳವಾಗಲಿಲ್ಲ. ‘ದಣಿದಿದೀನಿ ಹಂಸಾ’ ಎಂದ. ಮಗಳು ವಿಭಾ ವಾರವಿಡೀ ನನ್ನ ಜೊತೆ ಇಲ್ಲೇ ಡ್ಯಾನ್‌ವಿಲ್‌ನಲ್ಲಿ. ಒಂದು ಬಿಟ್ಟು ಒಂದು ವಾರಾಂತ್ಯ ಅವನ ಹತ್ತಿರ. ಕಾಲೇಜಿನವರು ಈ ಸೆಮಿಸ್ಟರ್ ನನಗೆ ಕ್ಲಾಸು ಕೊಡಲಿಲ್ಲ. ಎರಡು ಎಂ.ಎ. ಮಾಡಿದವಳು ಮಧ್ಯಾಹ್ನ ಗ್ರೋಸರಿ ಅಂಗಡಿಯಲ್ಲಿ ಹುಣಸೆಹಣ್ಣಿನ ಪೊಟ್ಟಣವನ್ನು ಎರಡೆರಡು ಸಲ ತಿರುಗಿಸಿ ನೋಡುತ್ತಾ ನಿಂತಿರುತ್ತೇನೆ.

ಇದನ್ನೆಲ್ಲ ಬಲ್ಲವಳು ಪದ್ಮಜಾ ಒಬ್ಬಳೇ. ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವಳು, ಈಗ ಬರ್ಕ್ಲಿಯಲ್ಲಿ ಲೈಬ್ರರಿ ಕೆಲಸ. ಇವತ್ತು ಫೋನು ಮಾಡಿದಳು. ಅವಳದೊಂದು ಬಳಗವಿದೆಯಂತೆ. ಬೇ ಏರಿಯಾದಲ್ಲಿ ಉಳಿದಿರುವ ಹಳೆಯ ಕಾಲದ ಪಬ್‌ಗಳನ್ನು ಹುಡುಕಿ, ಹೋಗಿ ನೋಡಿ, ಯಾವುದು ಹೋಗಲು ಯೋಗ್ಯ ಎಂದು ವರ್ಷಕ್ಕೊಂದು ಕೈಪಿಡಿ ತರುತ್ತಾರೆ. ನಾನೂ ನೋಡಿ ಬರೆಯಬೇಕಂತೆ.

‘ನಾನಾ? ಬಿಯರ್ ಬಗ್ಗೆ ನಂಗೇನೇ ಗೊತ್ತು?’

‘ಬಿಯರ್ ಬಗ್ಗೆ ಬರಿಯೋಕೆ ನಮ್ಮಲ್ಲಿ ಬೇಕಾದಷ್ಟು ಗಡ್ಡದೋರಿದಾರೆ. ಸುಮ್ನೆ ಕೂತು ನೋಡೋರು ಬೇಕು ಕಣೆ. ಒಬ್ಳೇ ಹೆಂಗಸು, ಕೈಲೊಂದು ಪದ್ಯದ ಪುಸ್ತಕ, ಒಳಗೆ ಹೋದ್ರೆ ಆ ಜಾಗ ಅವಳ ಜೊತೆ ಹೇಗೆ ನಡ್ಕೊಳತ್ತೆ? ಇದನ್ನ ಆ ಗಡ್ಡದೋರು ಏಳು ಜನ್ಮ ಎತ್ತಿದ್ರೂ ಬರೆಯಲಾರರು.’

ನಿಯಮಗಳನ್ನು ಹೇಳಿದಳು. ಪ್ರತಿ ಪಬ್‌ಗೂ ಎರಡು ಸಲ ಹೋಗಬೇಕು, ಜನವಿರುವಾಗ ಒಮ್ಮೆ, ಇಲ್ಲದಿರುವಾಗ ಒಮ್ಮೆ. ಯಾಕೆ ಬಂದೆವೆಂದು ಹೇಳಬಾರದು. ಎಲ್ಲ ಕಡೆ ಒಂದೇ ಪಾನೀಯ, ಅರ್ಧ ಲೋಟ. ಇಲ್ಲದಿದ್ದರೆ ಹೋಲಿಕೆಗೆ ಅಳತೆ ಸಿಗುವುದಿಲ್ಲ. ನಾನು ಇದುವರೆಗೆ ಕುಡಿದಿರುವುದು ಯಾರದೋ ಮದುವೆಯಲ್ಲಿ ಎರಡು ಗುಟುಕು ವೈನು. ಶನಿವಾರ ಮಾತ್ರ ಬರಲಾರೆ ಎಂದೆ. ಮನೆದೇವರು ವೆಂಕಟರಮಣ, ಶನಿವಾರ ನಮ್ಮಲ್ಲಿ ಈರುಳ್ಳಿಯನ್ನೂ ಮುಟ್ಟುವುದಿಲ್ಲ.

‘ಆಯ್ತು ಮಡಿ ಹೆಂಗಸೇ, ಮಿಕ್ಕಿದ ದಿನ ದೇವರು ನಿಂಗೆ ರಜಾ ಕೊಟ್ಟಿದಾನಲ್ಲ’ ಎಂದು ನಕ್ಕಳು.

ಸೆಪ್ಟೆಂಬರ್ 19, ಗುರುವಾರ

ಮೊದಲನೆಯದು ಬರ್ಕ್ಲಿಯಲ್ಲಿ. ಹೆಸರು ಬ್ಲೈಂಡ್ ಫೆರಿಮ್ಯಾನ್. ಕುರುಡ ಅಂಬಿಗ. ಬಾಗಿಲ ಹಿಡಿಯನ್ನು ಹಿಡಿದು ಸ್ವಲ್ಪ ಹೊತ್ತು ನಿಂತೆ. ಒಳಗೆ ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ ಅಂದುಕೊಂಡಿದ್ದೆ. ಯಾರೂ ನೋಡಲಿಲ್ಲ. ಅದೇ ಅದರ ಮೊದಲ ಗುಣ ಎಂದು ಬರೆದುಕೊಂಡೆ.

ಎರಡನೆಯದು ಬೆಳಕು. ಓದಲು ಸಾಕು, ಓದುವವಳ ಮುಖ ಬೇರೆಯವರಿಗೆ ಪೂರ್ತಿ ಕಾಣಲು ಸಾಲದು. ಟಿವಿ ಇಲ್ಲ. ಸಂಗೀತ ಇದೆಯೋ ಇಲ್ಲವೋ ಎನ್ನುವಷ್ಟು. ಕೌಂಟರಿನ ಮರ ಮೊಣಕೈ ಇಡುವ ಕಡೆ ಮಾತ್ರ ಬೆಳ್ಳಗಾಗಿ, ನಮ್ಮ ಅಜ್ಜಿ ಮನೆಯ ಹೊಸಿಲಿನಂತೆ ಸವೆದಿದೆ. ಜನ ಮಾತಾಡುತ್ತಾರೆ, ಆದರೆ ಒಂದು ಮೇಜಿನ ಮಾತು ಇನ್ನೊಂದು ಮೇಜಿಗೆ ಪದಗಳಾಗಿ ತಲುಪುವುದಿಲ್ಲ, ಗುನುಗಾಗಿ ತಲುಪುತ್ತದೆ. ನಮ್ಮವರ ಪಾಟ್‌ಲಕ್ ಊಟಗಳಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಚಪ್ಪಲಿ ಬಿಡುವ ಮೊದಲೇ ‘ಅಚ್ಯುತ ಬರ್ಲಿಲ್ವಾ?’ ಎನ್ನುತ್ತಾರೆ.

ಕರಿಯ ಬಿಯರ್ ಅರ್ಧ ಲೋಟ ಹೇಳಿದೆ. ಸ್ಟೌಟ್ ಎನ್ನುತ್ತಾರೆ. ಕಷಾಯದಂತಿದೆ. ಅರ್ಧದಲ್ಲಿ ಅರ್ಧ ಬಿಟ್ಟೆ. ಕೌಂಟರಿನ ಹಿಂದಿದ್ದ ನರೆಗೂದಲಿನ ಹೆಂಗಸು ಲೋಟ ನೋಡಿ, ನನ್ನನ್ನು ನೋಡಿ, ಒಂದು ಲೋಟ ನೀರು ತಂದಿಟ್ಟಳು. ಏನೂ ಕೇಳಲಿಲ್ಲ. ಪಕ್ಕದ ಸ್ಟೂಲಿನ ಮುದುಕ ಮಾತ್ರ ಪುಸ್ತಕದ ಕಡೆ ಗದ್ದ ತೋರಿಸಿ, ‘ದುಃಖದ್ದಾ?’ ಎಂದು ಕೇಳಿದ.

‘ಇನ್ನೂ ನಿರ್ಧಾರವಾಗಿಲ್ಲ.’

‘ಹಾಗಾದರೆ ಒಳ್ಳೇದೇ ಇರಬೇಕು’ ಎಂದು ತನ್ನ ಲೋಟಕ್ಕೆ ತಿರುಗಿದ.

ಜೂನಿನಿಂದ ಈಚೆಗೆ ಯಾರೊಂದಿಗಾದರೂ ಇಷ್ಟು ಸರಿಯಾದ ಅಳತೆಯ ಮಾತಾಡಿದ್ದು ಇದೇ ಮೊದಲು. ಕಾಲ್ಡೆಕಾಟ್ ಸುರಂಗ ದಾಟಿ ಈ ಕಡೆ ಬರುವಾಗ ಬೆಟ್ಟದ ಒಣಹುಲ್ಲಿನ ಮೇಲೆ ಕೊನೆಯ ಬಿಸಿಲಿತ್ತು. ಬಂದು ವಿಭಾಳಿಗೆ ಬಿಸಿಬೇಳೆಬಾತ್ ಮಾಡಿ ಹಾಕಿದೆ. ‘ಯು ಲುಕ್ ಹ್ಯಾಪಿ’ ಎಂದಳು, ಅನುಮಾನದಿಂದ.

ಅಕ್ಟೋಬರ್ 2, ಬುಧವಾರ

ವಿಭಾಳಿಗೆ ಲರ್ನರ್ಸ್ ಪರ್ಮಿಟ್ ಬಂತು. ಡ್ರೈವಿಂಗ್ ಸ್ಕೂಲಿನವನ ಮೊದಲ ಪಾಠವೂ ಮುಗಿಯಿತು. ಇನ್ನು ಲೈಸೆನ್ಸ್ ಸಿಗುವವರೆಗೆ ಪಕ್ಕದಲ್ಲಿ ದೊಡ್ಡವರು ಕೂತರೆ ಮಾತ್ರ ಓಡಿಸಬಹುದು. ಆ ದೊಡ್ಡವಳು ನಾನು. ನಮ್ಮ ಬೀದಿಯಲ್ಲೇ ಮೇಲೆ ಕೆಳಗೆ ಓಡಿಸಿದಳು. ಎರಡೂ ಕೈಯಲ್ಲಿ ಸ್ಟೀರಿಂಗನ್ನು, ತುಂಬಿದ ಕೊಡ ಹಿಡಿದಂತೆ ಹಿಡಿದಿದ್ದಳು.

ಪಕ್ಕದ ಮನೆಯ ರತ್ನಾವತಿ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು. ಉಡುಪಿಯವರು, ಇಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮಲ್ಲಿಗೆ ಕುಂಡಗಳೊಂದಿಗೆ ತುಳುವಿನಲ್ಲಿ ಮಾತಾಡುತ್ತಾರೆ.

‘ಎಂಥ ಮಾರಾಯ್ತಿ, ಮಗುವಿನ ಕೈಯಲ್ಲಿ ಸ್ಟೀರಿಂಗ್ ಕೊಟ್ಟದ್ದಾ?’

‘ಕಲೀಬೇಕಲ್ಲ ಆಂಟಿ.’

‘ಕಲೀಲಿ, ಕಲೀಲಿ. ಏ ವಿಭಾ, ನನ್ನ ಮಲ್ಲಿಗೆ ಕುಂಡ ಒಂದು ಬಿಟ್ಟು ಬೇರೆ ಏನು ಬೇಕಾದ್ರೂ ಗುದ್ದು ಆಯ್ತಾ?’

ವಿಭಾ ನಕ್ಕು, ಆ ನಗುವಿನಲ್ಲೇ ಬ್ರೇಕ್ ಒತ್ತಿದಳು, ನನ್ನ ಹಣೆ ಮುಂದಕ್ಕೆ ಹೋಯಿತು. ಅವಳಿಗೆ ನನ್ನ ಜೊತೆ ಹೀಗೆ ನಗಲು ಒಂದು ಕೆಲಸ ಬೇಕಿತ್ತು ಎಂದು ತೋರುತ್ತದೆ. ಅಪ್ಪ ಹೋದ ಮೇಲೆ ಇವಳೂ ಹೋಗಿಬಿಡುತ್ತಾಳೆಂಬ ಹೆದರಿಕೆ ನನಗೆ ಬೆಳಗಿನ ಜಾವ ಬರುತ್ತದೆ. ವಕೀಲರು ಹೇಳಿದ್ದಾರೆ, ಈ ವಯಸ್ಸಿನ ಮಗು ಎಲ್ಲಿರುತ್ತೇನೆ ಅನ್ನುತ್ತದೋ ಕೋರ್ಟು ಅದನ್ನೇ ಕೇಳುತ್ತದೆ. ನನಗೆ ಬೇರೇನೂ ಬೇಡ. ಇವಳು ‘ಅಮ್ಮನ ಹತ್ರ’ ಎಂದರೆ ಸಾಕು.

ಅಕ್ಟೋಬರ್ 11, ಶುಕ್ರವಾರ

ಕುರುಡ ಅಂಬಿಗನಿಗೆ ಎರಡನೆಯ ಭೇಟಿ, ಜನ ತುಂಬಿದ ಹೊತ್ತು. ನೂಕುನುಗ್ಗಲಿನಲ್ಲೂ ಆ ನರೆಗೂದಲಿನ ಹೆಂಗಸು ನನ್ನ ಕಡೆ ಒಮ್ಮೆ ಹುಬ್ಬು ಎತ್ತಿದಳು. ಗುರುತು ಹಿಡಿಯುವುದಕ್ಕೂ ಸ್ವಾಗತಿಸುವುದಕ್ಕೂ ನಡುವೆ ಒಂದು ಜಾಗವಿದೆ, ಒಳ್ಳೆಯ ಪಬ್ ಅಲ್ಲಿ ನಿಲ್ಲುತ್ತದೆ. ಈ ವಾಕ್ಯವನ್ನು ಪದ್ಮಜಾಳಿಗೆ ಕಳಿಸಿದೆ. ‘ಗಡ್ಡದೋರು ಅಳ್ತಿದಾರೆ’ ಎಂದು ಉತ್ತರ ಬಂತು.

ಅರ್ಧ ಲೋಟ ಪೂರ್ತಿ ಮುಗಿಸಿದೆ. ಮೊದಲ ಸಲದ ಕಹಿ ಈಗ ಕಹಿಯಲ್ಲ, ಸುಟ್ಟ ಬೆಲ್ಲದ ಹಾಗೆ. ನ್ಯಾಯವಾಗಿ ತೀರ್ಪು ಕೊಡಬೇಕಾದರೆ ಲೋಟದ ತಳವನ್ನೂ ನೋಡಬೇಕು.

ಅಕ್ಟೋಬರ್ 18, ಶುಕ್ರವಾರ

ಇವತ್ತು ಒಳ್ಳೆಯ ಉಪಾಯ ಹೊಳೆಯಿತು. ವಿಭಾಳಿಗೆ ಓಡಿಸುವ ಅಭ್ಯಾಸ ಬೇಕು. ನನಗೆ ಪಬ್‌ಗಳಿಗೆ ಹೋಗಬೇಕು. ಸ್ಕೂಲು ಬಿಟ್ಟ ಮೇಲೆ ಅವಳೇ ವಾಲ್‌ನಟ್ ಕ್ರೀಕ್‌ವರೆಗೆ ಓಡಿಸಿದಳು. ಅಲ್ಲಿ ಟಿನ್ ಕೆಟಲ್ ಎಂಬ ಪಬ್, ಊಟವೂ ಕೊಡುವುದರಿಂದ ಮಕ್ಕಳು ಕೂರಬಹುದು. ಅವಳು ಆಲೂಗಡ್ಡೆ ಚಿಪ್ಸ್ ತಿನ್ನುತ್ತಾ ಕೆಮಿಸ್ಟ್ರಿ ಮಾಡಿದಳು, ನಾನು ಗೋಡೆಯ ಕುದುರೆ ಚಿತ್ರಗಳನ್ನೂ ಗದ್ದಲವನ್ನೂ ಅಳೆದೆ. ಗದ್ದಲ ಸ್ವಲ್ಪ ಹೆಚ್ಚು. ಸ್ಟೌಟ್ ತೆಳು. ಹೋಲಿಸಿ ನೋಡಲು ಇನ್ನೊಂದು ಅರ್ಧ ತೆಗೆದುಕೊಂಡೆ.

‘ಅಮ್ಮ, ಈಸ್ ದಿಸ್ ಯುವರ್ ಜಾಬ್ ನೌ?’

‘ಒಂಥರಾ.’

‘ದುಡ್ಡು ಕೊಡ್ತಾರಾ?’

‘ಇಲ್ಲ. ಗೌರವ.’

‘ಗೌರವ’ ಎಂದರೇನೆಂದು ಕೇಳಿದಳು. ಹೇಳಿದೆ. ‘ಓ, ಲೈಕ್ ವಾಲಂಟಿಯರ್ ಅವರ್ಸ್’ ಎಂದಳು. ಅವಳನ್ನು ಅಲ್ಲಿಂದಲೇ ಅಚ್ಯುತ ಬಂದು ಕರೆದುಕೊಂಡು ಹೋದ, ಈ ವಾರಾಂತ್ಯ ಅವನದು. ಪಬ್‌ನ ಬಾಗಿಲಲ್ಲಿ ನಿಂತು ನನ್ನ ಲೋಟವನ್ನು ನೋಡಿದ. ನಾನೂ ಅದನ್ನೇ ನೋಡಿದೆ. ಹೊಸ ಜೊತೆಗಾರರನ್ನು ಪರಿಚಯಿಸುವಾಗ ಆಗುವ ಮುಜುಗರದಂಥದೇನೋ ಆಯಿತು.

ಅಕ್ಟೋಬರ್ 26, ಶನಿವಾರ

ಸಂಜೆ ಅಮ್ಮ ಮೈಸೂರಿನಿಂದ ಫೋನು ಮಾಡಿದರು. ಅಲ್ಲಿ ಭಾನುವಾರದ ಬೆಳಿಗ್ಗೆ, ಕಾಫಿ ಕುಡಿಯುತ್ತಿದ್ದರು. ‘ನಿನ್ನೆ ಶನಿವಾರ ಒಪ್ಪತ್ತು ಮಾಡಿದ್ದೆ, ಇವತ್ತು ಬೆಳಿಗ್ಗೆಯಿಂದ್ಲೇ ಹಸಿವು ನೋಡು’ ಎಂದರು. ಫೋನಿಟ್ಟ ಮೇಲೆ ಯೋಚನೆ ಬಂತು. ಅಮ್ಮನ ಶನಿವಾರ ಮುಗಿದಿದೆ. ವ್ರತ ಆ ಮನೆಯದು, ನನ್ನದಲ್ಲ. ನಾನು ಅದನ್ನು ಹೊತ್ತು ತಂದವಳು ಮಾತ್ರ. ಹಾಗಿದ್ದರೆ ಯಾವ ಸೂರ್ಯನ ಲೆಕ್ಕ? ದೇವರು ಇರುವುದು ತಿರುಪತಿಯಲ್ಲಿ. ಅವನ ಗಡಿಯಾರದಲ್ಲಿ ಈಗ ಭಾನುವಾರ. ಇಲ್ಲಿನ ದೇವಸ್ಥಾನದವರು ಏಕಾದಶಿ, ಗ್ರಹಣವನ್ನೆಲ್ಲ ಇಲ್ಲಿನ ಸಮಯಕ್ಕೆ ತಿರುಗಿಸಿ ಪಂಚಾಂಗ ಹಾಕುತ್ತಾರೆ, ನಿಜ. ಆದರೆ ಅದು ಒಂದು ಅಭಿಪ್ರಾಯ. ತಿರುಪತಿಯ ಗಡಿಯಾರ ಹಿಡಿದರೆ ನಮ್ಮ ಶನಿವಾರ ಇಲ್ಲಿ ಬೆಳಗಿನ ಹನ್ನೊಂದೂವರೆಗೇ ತೀರುತ್ತದೆ.

ವಿಭಾಳಿಗೆ ಕಾರು ತೆಗೆ ಎಂದೆ.

‘ಇವತ್ತು ಸ್ಯಾಟರ್‌ಡೇ ಅಲ್ವಾ ಅಮ್ಮ?’

‘ಮೈಸೂರಲ್ಲಿ ಸಂಡೇ ಆಗಿದೆ.’

‘ಬಟ್ ವಿ ಆರ್ ಇನ್ ಡ್ಯಾನ್‌ವಿಲ್.’

ಇವಳಿಗೆ ಹೇಗೆ ವಿವರಿಸುವುದು! ಇಲ್ಲಿ ಹುಟ್ಟಿದವರಿಗೆ ಒಂದೇ ಗಡಿಯಾರ. ಎರಡು ಗಡಿಯಾರದಲ್ಲಿ ಬದುಕುವವರ ದಣಿವು ಅವರಿಗೆ ಅರ್ಥವಾಗದು. ತುಟಿ ಬಿಗಿದುಕೊಂಡು ಓಡಿಸಿದಳು. ಚೆನ್ನಾಗಿ ಓಡಿಸುತ್ತಾಳೆ ಈಗ, ಲೇನ್ ಬದಲಿಸುವಾಗ ಭುಜದ ಮೇಲಿಂದ ತಿರುಗಿ ನೋಡುತ್ತಾಳೆ. ಟಿನ್ ಕೆಟಲ್, ಎರಡನೆಯ ಭೇಟಿ. ಅವಳು ಒಳಗೆ ಬರಲಿಲ್ಲ. ಕಾರಿನಲ್ಲೇ ಹೋಂವರ್ಕ್ ಮಾಡುತ್ತೇನೆ ಎಂದಳು. ಒಳ್ಳೆಯದೇ, ಗದ್ದಲದಲ್ಲಿ ಏನು ಓದುತ್ತಾಳೆ.

ಅರ್ಧ ಲೋಟದ ನಿಯಮ ಅವೈಜ್ಞಾನಿಕ ಎಂದು ಇವತ್ತು ತೀರ್ಮಾನಿಸಿದೆ. ಸಣ್ಣ ಲೋಟದಲ್ಲಿ ನೊರೆಯೇ ಹೆಚ್ಚು. ಇನ್ನು ಮುಂದೆ ಪೂರ್ತಿ ಪೈಂಟು.

ನವೆಂಬರ್ 3, ಭಾನುವಾರ

ಚಳಿಗಾಲಕ್ಕೆಂದು ಇಲ್ಲಿ ಎಲ್ಲರ ಗಡಿಯಾರ ಒಂದು ಗಂಟೆ ಹಿಂದೆ ಹೋಯಿತು. ಶನಿವಾರ ಇನ್ನೂ ಒಂದು ಗಂಟೆ ಬೇಗ ಮುಗಿಯುತ್ತದೆ. ವಿಭಾ ಅಪ್ಪನಲ್ಲಿ. ದೀಪಾವಳಿಯ ಹಣತೆಗಳನ್ನು ತೊಳೆಯದೆ ಹಾಗೆಯೇ ಬಿಟ್ಟಿದ್ದೇನೆ. ಐದು ಗಂಟೆಗೇ ಕತ್ತಲು. ಸ್ಟೌಟ್‌ನ ಬಾಟಲಿಗಳನ್ನು ತಂದಿಟ್ಟುಕೊಂಡೆ, ಪಬ್‌ನದಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲು. ವ್ಯತ್ಯಾಸವಿದೆ. ಎಷ್ಟು ಎಂದು ಬರೆಯಲು ಇನ್ನೊಮ್ಮೆ ನೋಡಬೇಕು.

ನವೆಂಬರ್ 10, ಭಾನುವಾರ

ಪದ್ಮಜಾಳ ಫೋನು. ಧ್ವನಿ ಲೈಬ್ರರಿಯೊಳಗೆ ಮಾತಾಡುವವರದರಂತೆ ತಗ್ಗಿತ್ತು.

‘ಹಂಸಾ, ಟಿನ್ ಕೆಟಲ್ ಬಗ್ಗೆ ನೀನು ಬರೆದಿದೀಯಲ್ಲ, ಅಗ್ಗಿಷ್ಟಿಕೆ ಪಕ್ಕದ ಕುರ್ಚಿ, ಅದರ ಬೆಂಕಿ ಮುದುಕಿಯ ಹಾಗೆ ಗೊಣಗತ್ತೆ ಅಂತೆಲ್ಲ. ತುಂಬಾ ಚೆನ್ನಾಗಿದೆ.’

‘ಥ್ಯಾಂಕ್ಸ್.’

‘ಅಲ್ಲಿ ಅಗ್ಗಿಷ್ಟಿಕೆನೇ ಇಲ್ಲ ಕಣೆ.’

‘ಬೇರೆ ಪಬ್ ಜೊತೆ ಕಲೆಸಿರ್ತೀನಿ ಬಿಡು.’

‘ನೀನು ಕಳಿಸಿರೋ ಯಾವ ಪಬ್‌ನಲ್ಲೂ ಇಲ್ಲ. ಸ್ವಲ್ಪ ದಿನ ನಿಲ್ಸೋಣ್ವಾ? ಈ ವರ್ಷಕ್ಕೆ ಸಾಕಾಗುವಷ್ಟು ಆಗಿದೆ. ಬಾ, ಮನೆಗೆ ಬಾ. ನೀನು, ವಿಭಾ ಇಬ್ರೂ ಬಂದು ಎರಡು ದಿನ ಇದ್ದು ಹೋಗಿ.’

ಬೇಸರವಾಯಿತು. ಒಂದು ಅಗ್ಗಿಷ್ಟಿಕೆಗೆ ಇಷ್ಟೇ? ಬೆಂಕಿ ಇದ್ದಿದ್ದರೆ ಆ ಜಾಗ ಹೇಗಿರುತ್ತಿತ್ತೋ ಅದನ್ನು ನಾನು ಕಂಡೆ. ಕಾಣುವುದೂ ನೋಡುವುದರ ಒಂದು ಬಗೆಯೇ. ಗಡ್ಡದವರಿಗೆ ಹೊಟ್ಟೆಕಿಚ್ಚು ಇರಬಹುದು. ಅವಳ ಕೈಪಿಡಿ ಅವಳಿಗಿರಲಿ. ನನ್ನ ತೀರ್ಪನ್ನು ನಾನು ಬರೆದುಕೊಳ್ಳುತ್ತೇನೆ. ಹೋಗುವುದನ್ನು ನಿಲ್ಲಿಸಲು ಕಾರಣ ಕಾಣುವುದಿಲ್ಲ.

ವಿಭಾ ಊಟಕ್ಕೆ ಏನಿದೆ ಎಂದು ಕೇಳಿದಳು. ಆಮೇಲೆ ಅವಳೇ ಟೋಸ್ಟ್ ಮಾಡಿಕೊಂಡಳು, ನನಗೂ ಎರಡು ತಂದಿಟ್ಟಳು. ಬೆಳೆಯುತ್ತಿದ್ದಾಳೆ.

ನವೆಂಬರ್ 16, ಶನಿವಾರ

ನಿನ್ನೆಯದನ್ನು ಬರೆದಿಡಬೇಕು, ವಿಭಾ ಅದನ್ನು ಬೇಕಿಲ್ಲದಷ್ಟು ದೊಡ್ಡದು ಮಾಡಿಕೊಂಡಿದ್ದಾಳೆ.

ಈ ವಾರಾಂತ್ಯ ಅವಳು ಅಪ್ಪನಲ್ಲಿ. ಸಾಂಟಾ ಕ್ಲಾರಾವರೆಗೆ ಅವಳೇ ಓಡಿಸಲಿ ಎಂದೆ, ಫ್ರೀವೇ ಅಭ್ಯಾಸವಾಗುತ್ತದೆ. ದಾರಿಯಲ್ಲಿ ಫ್ರೀಮಾಂಟಿನ ಹಳೆಯ ರೈಲು ನಿಲ್ದಾಣದ ಹತ್ತಿರ ಒಂದು ಪಬ್. ಕಿರಿದು, ಉದ್ದ, ರೈಲ್ವೆ ಬೋಗಿಯಂತೆ. ಕಿಟಕಿಗೆ ಬಣ್ಣದ ಗಾಜು, ಮೇಜಿನ ಮೇಲೆ ಉಪ್ಪುಗಡಲೆ. ಒಂದು ತುದಿಯಲ್ಲಿ ಕೂತವರಿಗೆ ಇನ್ನೊಂದು ತುದಿ ಬೇರೆ ಊರಿನಂತೆ ಕಾಣುತ್ತದೆ. ಮೌನ ಚೆನ್ನಾಗಿದೆ. ಇಷ್ಟು ದಿನ ನೋಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಮೇಲು ಎಂದುಕೊಂಡೆ. ಮೇಲಿನದಾದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ಕೂತೆ. ವಿಭಾ ಎರಡು ಸಲ ಒಳಗೆ ಬಂದು ‘ಅಪ್ಪ ಈಸ್ ವೇಟಿಂಗ್’ ಎಂದಳು.

ಮತ್ತೆ ಫ್ರೀವೇ ಹತ್ತಿದಾಗ ಮಂಜು ಇತ್ತು, ಟ್ರಕ್ಕುಗಳಿದ್ದವು. ಕಾರು ನಿಂತಿದ್ದು ಗೊತ್ತಾಗಿ ಕಣ್ಣು ಬಿಟ್ಟೆ. ರಸ್ತೆಯ ಅಂಚಿಗೆ ನಿಲ್ಲಿಸಿ, ಕೆಂಪು ದೀಪ ಮಿಣುಕಿಸಿಕೊಂಡು, ವಿಭಾ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅಳುತ್ತಿದ್ದಳು.

‘ಇಲ್ಯಾಕೆ ನಿಲ್ಲಿಸ್ದೆ? ಡೇಂಜರು.’

‘ಐ ಕಾಲ್ಡ್ ಯು. ನಾನು ಕರ್ದೆ, ಕರ್ದೆ. ಆ ಟ್ರಕ್ ಬರ್ತಾ ಇತ್ತು, ಐ ಡಿಂಟ್ ನೋ ಇಫ್ ಐ ಕುಡ್ ಮರ್ಜ್. ಯು ವರ್ ಅಸ್ಲೀಪ್, ಅಮ್ಮ!’

‘ನಿದ್ದೆ ಅಲ್ಲ. ಕಣ್ಣು ಮುಚ್ಚಿದ್ದೆ.’

ಟ್ರಕ್ಕು ಹಾದುಹೋದಾಗಲೆಲ್ಲ ಕಾರು ಅಲುಗುತ್ತಿತ್ತು. ಆಮೇಲೆ ವಿಭಾ ಮೂಗು ಒರೆಸಿಕೊಂಡು, ಕನ್ನಡಿ ನೋಡಿ, ಭುಜದ ಮೇಲಿಂದ ನೋಡಿ, ಮತ್ತೊಮ್ಮೆ ಕನ್ನಡಿ ನೋಡಿ ಹೊರಟಳು. ಆತ್ಮವಿಶ್ವಾಸ ಸಾಲದು ಅವಳಿಗೆ.

ಅಚ್ಯುತನ ಅಪಾರ್ಟ್‌ಮೆಂಟಿನ ಕೆಳಗೆ ಅವಳು ಇಳಿದು, ಕಾರಿನ ಬಾಗಿಲು ಹಿಡಿದುಕೊಂಡೇ, ‘ಅಮ್ಮ, ಮೇಲೆ ಬಾ. ಕಾಫಿ ಕುಡಿದು, ಸ್ವಲ್ಪ ಹೊತ್ತು ಮಲಗಿ, ಆಮೇಲೆ ಹೋಗು’ ಎಂದಳು. ಪೂರ್ತಿ ಕನ್ನಡದಲ್ಲಿ, ಒಂದೂ ಇಂಗ್ಲಿಷ್ ಪದವಿಲ್ಲದೆ. ಕೇಳಿ ನಿಜವಾಗಿ ಸಂತೋಷವಾಯಿತು. ನಾನು ಕಲಿಸಿದ್ದು ವ್ಯರ್ಥವಾಗಿಲ್ಲ. ಬೇಡ ಎಂದು ನಾನೇ ಓಡಿಸಿಕೊಂಡು ಬಂದೆ. ಏನೂ ಆಗಲಿಲ್ಲ.

ನವೆಂಬರ್ 18, ಸೋಮವಾರ

ವಿಭಾ ಇನ್ನು ಡ್ರೈವಿಂಗ್ ಅಭ್ಯಾಸ ಮಾಡುವುದಿಲ್ಲವಂತೆ. ‘ನಾನು ಮಾಡಲ್ಲ. ನೀನೂ ಮಾಡಬೇಡ’ ಎಂದಳು. ಅಪ್ಪ ಹೇಳಿಕೊಟ್ಟನಾ ಎಂದು ಕೇಳಿದೆ. ‘ಐ ಡಿಂಟ್ ಟೆಲ್ ಹಿಮ್. ಐಲ್ ಹ್ಯಾವ್ ಟು ಲೀವ್ ಇಫ್ ಐ ಟೆಲ್ ಹಿಮ್.’ ಇದನ್ನು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ನನಗಾಗಿ ಸುಳ್ಳು ಹೇಳುತ್ತಿದ್ದಾಳೆ ಎಂದರೆ ನನ್ನ ಪಕ್ಷ ಎಂದೇ ಅರ್ಥ. ಕೋರ್ಟಿನ ಹೆದರಿಕೆ ಸ್ವಲ್ಪ ಕಡಿಮೆಯಾಯಿತು.

ಪದ್ಯ ಓದಲು ಕೂತೆ. ಒಂದೇ ಪುಟ.

ನವೆಂಬರ್ 20, ಬುಧವಾರ

ಮಳೆ. ಎಲ್ಲೂ ಹೋಗಲಿಲ್ಲ. ಮನೆಯಲ್ಲೇ.

ನವೆಂಬರ್ 22, ಶುಕ್ರವಾರ

ಮಧ್ಯಾಹ್ನ ಸೋಫಾದ ಮೇಲೆ ಸ್ವಲ್ಪ ಒರಗಿದ್ದೆ. ವಿಭಾ ಸ್ಕೂಲಿನಿಂದ ಬಂದು ಎಬ್ಬಿಸಿದಳು. ಹಿತ್ತಲ ಕಡೆಯ ಬಾಗಿಲು ತೆರೆದೇ ಇತ್ತಂತೆ, ಒಲೆಯ ಮೇಲೆ ಹಾಲು ಸುಟ್ಟು ಕರಕಾಗಿತ್ತಂತೆ. ಫ್ರೀಮಾಂಟಿನ ಪಬ್‌ಗೆ ಎರಡನೆಯ ಭೇಟಿ ಬಾಕಿಯಿದೆ, ಟ್ಯಾಕ್ಸಿ ಕರೆಯುತ್ತೇನೆ, ಬರುತ್ತೀಯಾ ಎಂದೆ. ಅವಳು ಪಾತ್ರೆ ಉಜ್ಜುತ್ತಾ ತಿರುಗಿ ನೋಡದೆ, ‘ಪದ್ಮಜಾ ಆಂಟಿ ನಿನ್ನನ್ನ ಕೇಳ್ತಾನೂ ಇಲ್ಲ ಈಗ. ಯು ಆರ್ ಜಸ್ಟ್ ಡ್ರಿಂಕಿಂಗ್’ ಎಂದಳು.

ಆ ಮಾತಿಗೆ ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಸ್ವಲ್ಪ ಜೋರಾಗಿಯೇ ಹೇಳಿರಬೇಕು. ‘ನಿನ್ನಪ್ಪನ ಹತ್ರಾನೇ ಹೋಗು’ ಎಂದಂತೆ ನೆನಪು. ಕೋಪದಲ್ಲಿ ಯಾವ ತಾಯಿಯೂ ಹೇಳುವಂಥದೇ. ಅವಳು ಬ್ಯಾಗು ತೆಗೆದುಕೊಂಡು ಹೋದಳು. ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು. ಈ ವಯಸ್ಸಿನವರು ದಡಾರನೆ ಹಾಕುತ್ತಾರೆ, ಇವಳು ಹಾಗಲ್ಲ.

ಅಚ್ಯುತ ಬಂದು ಕರೆದುಕೊಂಡು ಹೋಗಿರುತ್ತಾನೆ. ಹೇಗೂ ಈ ವಾರಾಂತ್ಯ ಅವನದೇ.

ನವೆಂಬರ್ 24, ಭಾನುವಾರ

ನಿನ್ನೆ ಇಡೀ ದಿನ ಬರೆಯಲಿಲ್ಲ. ಫ್ರೀಮಾಂಟಿಗೂ ಹೋಗಲಿಲ್ಲ. ಶನಿವಾರ ಬೆಳಿಗ್ಗೆಯೇ ಬಾಟಲಿ ತೆರೆದೆ. ಎಷ್ಟು ಹೊತ್ತು ಎಂದು ನೋಡಲಿಲ್ಲ. ಮೈಸೂರಿನಲ್ಲೂ ಇನ್ನೂ ಶನಿವಾರವೇ ಇದ್ದಿರಬಹುದು.

ಇವತ್ತು ಕೂತು ಈ ಮನೆಯ ಬಗ್ಗೆ ಒಂದು ತೀರ್ಪು ಬರೆಯಬೇಕೆನಿಸಿತು, ಪಬ್‌ಗಳಿಗೆ ಬರೆದ ಹಾಗೆಯೇ. ಬೆಳಕು: ಪಶ್ಚಿಮದ ಕಿಟಕಿಯೊಂದರಿಂದ, ಸಂಜೆ ಮಾತ್ರ. ಓದಲು ಸಾಲದು. ಸದ್ದು: ಫ್ರಿಜ್. ಮರ: ಊಟದ ಮೇಜಿನ ಒಂದು ಬದಿಯಲ್ಲಿ ಪೆನ್ನಿನ ಗೀರುಗಳು, ವಿಭಾ ಚಿಕ್ಕವಳಿದ್ದಾಗ ಅ, ಆ, ಇ ತಿದ್ದಿದ್ದು. ಒಬ್ಬಳೇ ಹೆಂಗಸು ಒಳಗೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ. ಜನವಿರುವಾಗ ಒಮ್ಮೆ, ಇಲ್ಲದಿರುವಾಗ ಒಮ್ಮೆ ನೋಡಬೇಕೆಂಬುದು ನಿಯಮ. ಎರಡನೆಯದು ಈಗ ಆಗುತ್ತಿದೆ. ನಾನು ಹೊಗಳಿ ಬರೆದ ಗುಣಗಳೆಲ್ಲ ಇಲ್ಲಿವೆ. ಆದರೂ ಯಾರಿಗೂ ಹೋಗಿ ಎಂದು ಹೇಳಲಾರೆ.

ವಿಭಾ ಸಾಮಾನ್ಯವಾಗಿ ಅಪ್ಪನ ಮನೆಯಿಂದ ಒಂದು ಮೆಸೇಜು ಹಾಕುತ್ತಾಳೆ, ತಿಂದಿದ್ದರ ಫೋಟೋ. ಈ ಸಲ ಇಲ್ಲ. ನಾನೇ ಹಾಕಬಹುದಿತ್ತು. ಹಾಕೋಣವೆಂದು ಫೋನು ಹುಡುಕಿದೆ, ಸೋಫಾದ ಸಂದಿಯಲ್ಲಿ ಸಿಕ್ಕಿತು, ಚಾರ್ಜು ಹೋಗಿತ್ತು. ಚಾರ್ಜಿಗೆ ಹಾಕಿ ಮರೆತೆ. ಹೋದ ವಾರವೂ ಅವಳು ಅಲ್ಲೇ ಇದ್ದಳಲ್ಲ ಎಂದು ಆಗ ಹೊಳೆಯಿತು. ಒಂದು ಬಿಟ್ಟು ಒಂದು ತಾನೇ? ಹಾಗಾದರೆ ಈ ವಾರ... ಬೆರಳು ಮಡಿಸಿ ನೋಡುತ್ತಿದ್ದೆ. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು.

ರತ್ನಾವತಿ. ಮುಚ್ಚಿದ ಡಬ್ಬಿಯೊಂದು ಕೈಯಲ್ಲಿತ್ತು, ಕೊಡುವುದನ್ನು ಮರೆತವರಂತೆ ಹಿಡಿದೇ ನಿಂತಿದ್ದರು. ಒಳಗೆ ಬನ್ನಿ ಎಂದೆ. ಬರಲಿಲ್ಲ. ನನ್ನ ಮುಖವನ್ನು, ನನ್ನ ಹಿಂದಿನ ಮೇಜನ್ನು, ಮತ್ತೆ ಮುಖವನ್ನು ನೋಡಿದರು. ವಾರ್ಡಿನಲ್ಲಿ ರೋಗಿಗಳನ್ನು ಹೀಗೇ ನೋಡುತ್ತಿದ್ದರೇನೋ. ಆಮೇಲೆ ಮೆಲ್ಲಗೆ ಹೇಳಿದರು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡುತ್ತಿದ್ದೇನೆ.

‘ವಿಭಾ ಶುಕ್ರವಾರದಿಂದ ನಮ್ಮಲ್ಲೇ ಉಂಟು ಹಂಸಾ. ಹೆದರ್ಬೇಡ, ಊಟ ನಿದ್ದೆ ಎಲ್ಲ ಆಗ್ತಾ ಉಂಟು. ಅವತ್ತೇ ನಿನಗೆ ಹೇಳ್ತೇನೆ ಅಂತ ಹೊರಟದ್ದು ನಾನು. ಮಗುವೇ ನನ್ನ ಕೈ ಹಿಡಿದು ನಿಲ್ಲಿಸಿತು. ಬೇಡ ಆಂಟಿ, ಅಮ್ಮ ಹುಡುಕಿಕೊಂಡು ಬರ್ತಾಳೆ, ಆಗ ಹೋಗ್ತೇನೆ ಅಂತ. ನಿನ್ನೆ ಇಡೀ ದಿನ ನಮ್ಮ ಕಿಟಕಿ ಹತ್ರವೇ ಕೂತಿತ್ತು ಮಾರಾಯ್ತಿ, ನಿನ್ನ ಬಾಗಿಲು ನೋಡಿಕೊಂಡು. ಇವತ್ತು ಮಧ್ಯಾಹ್ನ ಅಪ್ಪನಿಗೆ ಫೋನು ಮಾಡಿತು, ಬಂದು ಕರ್ಕೊಂಡು ಹೋಗಿ, ಇನ್ನು ಅಲ್ಲೇ ಇರ್ತೇನೆ ಅಂತ. ಅವರು ದಾರಿಯಲ್ಲಿದ್ದಾರೆ. ನಿನಗೆ ಹೇಳ್ಬೇಡಿ ಅಂತ ಈ ಸಲ ಅದು ಹೇಳ್ಲಿಲ್ಲ, ಅದಕ್ಕೇ ಬಂದೆ.’